ಬರಿಗೈ ಅಳಿಯ

ಕೈ ಹಸುರಾದರೆ ಬಾಯಿ ಮೊಸರು. ಗಾದೆ ಕೆಟ್ಟಿದೆ, ನಿಜ. ಆದರೆ ಕತೆ ಅಪ್ಪಟ ನಿಜ.

ಮಿನ್ಯಾದ ದರ್ಜಿ ಯೂಹನ್ನನ ಕೈ ಹಸುರಾಗಿರಲಿಲ್ಲ. ಊರಿನ ಹಳೇ ಕಾಪ್ಟಿಕ್ ಕ್ರೈಸ್ತರ ಮಕ್ಕಳಿಗೆ ಬಾಯಲ್ಲಿ ಹಲ್ಲು ಮೂಡುವ ಮೊದಲೇ ಮಣಿಕಟ್ಟಿನಲ್ಲಿ ಹಸುರು ಶಿಲುಬೆ ಮೂಡುತ್ತಿತ್ತು. ಇವನೋ ಪ್ರೊಟೆಸ್ಟೆಂಟ್ ಸಭೆಯವನು. "ಹಚ್ಚೆ ಹಾಕಿಸ್ಕೋಬೇಡಿ ಅಂತ ಯಾಜಕಕಾಂಡದಲ್ಲೇ ಇದೆ. ನಿನ್ನ ಗುರುತು ಹಿಡಿಯೋಕೆ ದೇವರಿಗೆ ಚುಕ್ಕಿ ಬೇಕೇನೋ?" ಎನ್ನುವವರು ಅಲ್ಲಿನ ಪಾಸ್ಟರು.

ಯೂಹನ್ನನಿಗೆ ಬೇಕಾಗಿದ್ದವಳು ಮೆಹ್ರಾಯೀಲ್. ಅವಳಪ್ಪ, ಹಿಟ್ಟಿನ ಗಿರಣಿಯ ಬಖೀತ್, ಒಂದೇ ಮಾತು ಹೇಳಿದ್ದ: "ಬರಿಗೈಯವನಿಗೆ ಹೆಣ್ಣು ಕೊಡಲ್ಲ."

ಮಾರನೆಯ ದಿನ ಯೂಹನ್ನ ಬಸ್ಬೂಸಾ ಮಿಠಾಯಿಯ ತಟ್ಟೆ ಹೊತ್ತುಕೊಂಡು ಹೋದ.

"ಲೇ, ಕೈ ತುಂಬಿಸ್ಕೊಂಡು ಬಾ ಅಂದಿದ್ದಲ್ಲ, ಕೈ ಚುಚ್ಚಿಸ್ಕೊಂಡು ಬಾ ಅಂದಿದ್ದು!" ಎಂದ ಬಖೀತ್ ತಟ್ಟೆಯನ್ನಷ್ಟೇ ಒಳಗೆ ಬರಮಾಡಿಕೊಂಡ.

ಸುದ್ದಿ ಪಾಸ್ಟರ ಕಿವಿಗೂ ಬಿತ್ತು. "ಚುಚ್ಚಿಸ್ಕೊಂಡ್ರೆ ಈ ಬಾಗಿಲು ಮರೆತುಬಿಡು," ಎಂದರು. ಯೂಹನ್ನ ಮರೆತ. ಹೆತ್ತವ್ವ ಮಾತು ಬಿಟ್ಟಳು.

ಹುಡುಗಿಯ ತಮ್ಮ ಬಿಷಾಯ್ ಹೆಗಲ ಮೇಲೆ ಕೈಹಾಕಿ ಅವನನ್ನು ಹಚ್ಚೆಯವನ ಬಳಿಗೆ ಕರೆದೊಯ್ದ. "ಬರೀ ಶಿಲುಬೆ ಎಲ್ರ ಕೈಲೂ ಇರುತ್ತೆ ಭಾವ. ಕೆಳಗೆ ನಿನ್ನ ಹೆಸರಿನ ಮೊದಲೆರಡು ಅಕ್ಷರ ಹಾಕಿಸು, ನಮ್ಮ ಹಿರೀಕರ ಲಿಪೀಲಿ. ಆ ಭಾಷೇಲಿ ನೀನು ಯೋಆನ್ನಿಸ್. ಆ ಎರಡು ಅಕ್ಷರ ಸೇರಿದ್ರೆ 'ಯೋ', ಅಷ್ಟು ಸಾಕು. ಅಪ್ಪ ಬೆಣ್ಣೆ ಥರ ಕರಗಿಹೋಗ್ತಾನೆ."

ಆ ಲಿಪಿಯ ಗಂಧವೇ ಇಲ್ಲದ ಯೂಹನ್ನ ಹಲ್ಲು ಕಚ್ಚಿ ಕೈ ಕೊಟ್ಟ.

ನಿಶ್ಚಿತಾರ್ಥಕ್ಕೆ ಚರ್ಚಿನಂಗಳ ತುಂಬಿತ್ತು. ಬಿಷಾಯ್ ಭಾವನ ತೋಳನ್ನು ಗೆದ್ದ ಕುಸ್ತಿಪಟುವಿನ ತೋಳಿನಂತೆ ಮೇಲೆತ್ತಿದ. "ಅಬೂನಾ, ಎಲ್ರಿಗೂ ಕೇಳಿಸೋ ಹಾಗೆ ಓದಿ!"

ಮುದಿ ಪಾದ್ರಿ ಕನ್ನಡಕ ಏರಿಸಿದರು. "ಯೋ..." ಎಂದವರು ಕೆಮ್ಮಿದರು. "ಯಾರಪ್ಪ ಬರೆಸಿದ್ದು ಇದನ್ನ? ಹಳೇ ಭಾಷೇಲಿ 'ಯೋ' ಅಂದ್ರೆ ಕತ್ತೆ!"

ಬಿಷಾಯ್ ಕಿವಿಗಳಿಗೆ ಅಂಗೈ ಹಚ್ಚಿ ಕತ್ತೆಯಂತೆ ಅರಚಿದ. ಅಂಗಳವೇ ಲಾಯವಾಯಿತು.

ಯೂಹನ್ನ ಮೆಹ್ರಾಯೀಲಳತ್ತ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಒಂದು ಗಳಿಗೆ ಅವನಿಗೆ ಸಮಾಧಾನವಾಯಿತು. ಆಮೇಲೆ ಗೊತ್ತಾಯಿತು, ನಕ್ಕು ನಕ್ಕು ಬಂದ ನೀರು ಅದು.

"ಬಯ್ಕೋಬೇಡ ಕಣೋ," ಎಂದಳು ಬಿಕ್ಕುತ್ತ. "ಭಾನುವಾರ ಮಕ್ಕಳಿಗೆ ಆ ಭಾಷೆ ಕಲಿಸ್ತೀನಲ್ಲ, ಪದ ಹೊಳೆದಿದ್ದು ನನಗೇ."

ಬಖೀತ್ ಉಂಗುರ ಹಿಡಿದ ಮುಷ್ಟಿ ಬಿಗಿದ. "ಏನಯ್ಯಾ, ಸಿಟ್ಟು ಬಂತಾ? ತಮಾಷೆ ತಡ್ಕೊಳ್ಳದವನು ನಮ್ಮನೇಲಿ ಬಾಳಲ್ಲ. ಬೇಕಾದ್ರೆ ಉಜ್ಜಿ ಅಳಿಸ್ಕೊಂಡು ನಿಮ್ಮ ಪಾಸ್ಟರ ಹತ್ರ ಹೋಗು."

ಹೋಗಲು ಬಾಗಿಲಿರಲಿಲ್ಲ. ಅಳಿಸಲು ಸೋಪಿರಲಿಲ್ಲ. ಮಣಿಕಟ್ಟು ಇನ್ನೂ ಉರಿಯುತ್ತಿತ್ತು.

ಯೂಹನ್ನ ನಕ್ಕ. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ ನಕ್ಕ. ಉಂಗುರ ಬೆರಳಿಗೇರಿತು; ಉಳಿದವರ ನಗು ಇಳಿಯಿತು.

"ಸಾಕು ಭಾವ," ಎಂದ ಬಿಷಾಯ್, ಯಾಕೋ ಮೆಲ್ಲಗೆ.

ಯೂಹನ್ನ ಇನ್ನೂ ಜೋರಾಗಿ ನಕ್ಕ.