ಸೊಸೆಗೆ ಹೇಳದೆ ಮಾಡಿದ ಫೋನು

ಮನೆಯಲ್ಲಿ ಹಸುಗೂಸಿದ್ದರೆ ಎಲ್ಲರೂ ಕೇಳುವುದು ಕೂಸಿನ ಸುದ್ದಿಯನ್ನೇ. ಹಾಲು ಕುಡಿಯಿತೇ, ನಿದ್ದೆ ಮಾಡಿತೇ, ತೂಕ ಏರಿತೇ ಎಂದು. ಹೆತ್ತವಳು ನಿದ್ದೆ ಮಾಡಿದಳೇ ಎಂದು ಕೇಳುವವರು ಕಡಿಮೆ. ಡಂಗುರದಮ್ಮನ ಮನೆಯಲ್ಲೂ ಆದದ್ದು ಹಾಗೇ.

ಡಂಗುರದಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಆಕೆಯ ಬಾಯಲ್ಲಿ ಎಳ್ಳುಕಾಳೂ ನೆನೆಯುತ್ತಿರಲಿಲ್ಲ. ಬೆಳಿಗ್ಗೆ ನಲ್ಲಿಯ ಹತ್ತಿರ ಕಿವಿಗೆ ಬಿದ್ದ ಸುದ್ದಿ ಬಿಸಿಲೇರುವ ಹೊತ್ತಿಗೆ ಬೀದಿಯ ಕೊನೆಯ ಮನೆಯನ್ನು ಮುಟ್ಟಿರುತ್ತಿತ್ತು, ಅದೂ ಉಪ್ಪು ಖಾರ ಹಚ್ಚಿಕೊಂಡು. ಹಾಗೆಂದು ಕೆಟ್ಟ ಮನಸ್ಸಿನವಳಲ್ಲ. ಯಾರಾದರೂ ಜ್ವರದಿಂದ ಮಲಗಿದರೆ ಊಟ ಕಟ್ಟಿಕೊಂಡು ಮೊದಲು ಹೋಗುವವಳು ಅವಳೇ. ಬರುವಾಗ ಆ ಮನೆಯ ನಾಲ್ಕು ಸುದ್ದಿ ಹೊತ್ತು ತರುತ್ತಿದ್ದಳು, ಅಷ್ಟೆ.

ಮಗ ಫ್ರಿಜ್ ರಿಪೇರಿಯವನು. ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಸೊಸೆ ಕೂದಲು ಕತ್ತರಿಸುವುದರಲ್ಲಿ ಕೈ ಪಳಗಿದವಳು. ಮನೆಯ ಮುಂದಿನ ಕೋಣೆಯಲ್ಲೇ ಅವಳ ಪಾರ್ಲರ್. ಒಂದು ದೊಡ್ಡ ಕನ್ನಡಿ, ಮೇಲೆ ಕೆಳಗೆ ಆಗುವ ಒಂದು ಕುರ್ಚಿ, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಕತ್ತರಿಗಳು. ಹೆರಿಗೆಯಾದ ಮೇಲೆ ಆ ಕೋಣೆ ಮುಚ್ಚಿತ್ತು.

ಕೂಸು ದುಂಡಗಾಗುತ್ತಾ ಹೋಯಿತು, ಸೊಸೆ ಸೊರಗುತ್ತಾ ಹೋದಳು. ಕೂಸು ಮಲಗಿದರೂ ಅವಳು ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಅದಕ್ಕೆ ಸ್ನಾನ ಮಾಡಿಸಿ ಹೊರಗೆ ಬಂದಾಗ ಅವಳ ಕೈ ನಡುಗುತ್ತಿತ್ತು. ಆಸ್ಪತ್ರೆಯ ಡಾಕ್ಟರು ನೋಡಿ, ಕೌನ್ಸೆಲಿಂಗ್‌ಗೆ ಹೋಗಮ್ಮಾ ಎಂದರು. ಡಂಗುರದಮ್ಮನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಮಾತಿನಿಂದಲೇ ಕಾಯಿಲೆ ವಾಸಿಯಾಗುವುದಾದರೆ ನಮ್ಮ ಬೀದಿಯಲ್ಲಿ ಇಷ್ಟು ಹೊತ್ತಿಗೆ ಒಬ್ಬರಿಗೂ ಕಾಯಿಲೆ ಇರಬಾರದಿತ್ತು ಎಂದು ತನ್ನ ಬಾಯನ್ನು ತಾನೇ ಗೇಲಿ ಮಾಡಿಕೊಂಡಳು. ಸೊಸೆ ಮಾತ್ರ ಹೋದಳು. ಹೋಗಿ ಬಂದ ದಿನ ಅವಳ ಮುಖ ಸ್ವಲ್ಪ ಬಿಚ್ಚಿಕೊಂಡಿತ್ತು. ತಟ್ಟೆಗೆ ಬಡಿಸಿದ್ದನ್ನು ಪೂರ್ತಿ ಉಂಡಳು.

ಅದೇ ಸಂಜೆ ಡಂಗುರದಮ್ಮನಿಗೆ ಫೋನು ಬಂತು. ಆ ಕಡೆ ಕೌನ್ಸೆಲರ್ ಮೇಡಂ.

"ನಿಮ್ಮ ಸೊಸೆಗೆ ಮಗುನ ಸ್ನಾನದ ನೀರಲ್ಲಿ ಬಿಟ್ಟುಬಿಡ್ತೀನೇನೋ ಅನ್ನೋ ಯೋಚನೆ ಬರ್ತಿದೆಯಂತೆ ಅಮ್ಮಾ. ಇನ್ನು ಮೇಲೆ ಸ್ನಾನ ನೀವೇ ಮಾಡಿಸಿ. ಮಗು ಜೊತೆ ಅವರನ್ನ ಒಬ್ಬರನ್ನೇ ಬಿಡಬೇಡಿ. ನಾನು ಹೇಳಿದ್ದು ಅವರಿಗೆ ಗೊತ್ತಾಗೋದು ಬೇಡ."

ಡಂಗುರದಮ್ಮನ ಎದೆ ಝಲ್ಲೆಂದಿತು. ಜೀವಮಾನದಲ್ಲಿ ಮೊದಲ ಸಲ ಆಕೆ ಒಂದು ಗುಟ್ಟನ್ನು ನುಂಗಿಕೊಂಡಳು. ಮಗನಿಗೂ ಹೇಳಲಿಲ್ಲ, ನಲ್ಲಿಯ ಹತ್ತಿರವೂ ಬಾಯಿ ಬಿಡಲಿಲ್ಲ. ಮನೆಯ ಮಾನ ಉಳಿಸುತ್ತಿದ್ದೇನೆ, ಕೂಸಿನ ಜೀವ ಉಳಿಸುತ್ತಿದ್ದೇನೆ ಎಂದು ಒಳಗೊಳಗೇ ಬೀಗಿದಳು ಕೂಡ.

ಮರುದಿನದಿಂದ ಕಾವಲು ಶುರುವಾಯಿತು. ನಿನಗೆ ಸೊಂಟ ನೋವು, ಸ್ನಾನ ನಾನು ಮಾಡಿಸ್ತೀನಿ ಎಂದು ಕೂಸನ್ನು ಎತ್ತಿಕೊಂಡು ಹೋದಳು. ಸೊಸೆ ಹಾಲು ಕುಡಿಸುವಾಗ ಪಕ್ಕದಲ್ಲೇ ಕೂತು, ಕುಡಿಸಿ ಮುಗಿಯುವುದೇ ತಡ ಕೈ ಚಾಚುತ್ತಿದ್ದಳು. ಕೂಸು ಅತ್ತರೆ ತಾಯಿ ಏಳುವ ಮೊದಲೇ ಇವಳು ಓಡಿರುತ್ತಿದ್ದಳು. ಸೊಸೆ ಮೊದಮೊದಲು ಅತ್ತೆ ಎಷ್ಟು ಒಳ್ಳೆಯವರು ಅಂದುಕೊಂಡಳು. ಆಮೇಲೆ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ ಕೂರತೊಡಗಿದಳು.

ಮತ್ತೆ ಕೌನ್ಸೆಲಿಂಗ್‌ಗೆ ಹೋದ ದಿನ ಮತ್ತೊಂದು ಫೋನು ಬಂತು. ಈ ಸಲ ಕತ್ತರಿಯ ವಿಷಯ. ಸೊಸೆ ಕಣ್ಣು ಮುಚ್ಚಿದ ಹೊತ್ತು ನೋಡಿ ಡಂಗುರದಮ್ಮ ಪಾರ್ಲರ್‌ನ ಕತ್ತರಿಗಳನ್ನೆಲ್ಲ ಬಿಚ್ಚಿ ತನ್ನ ಹಾಸಿಗೆಯ ಅಡಿಗೆ ತಳ್ಳಿದಳು.

ಮಾರನೆಯ ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬಳು ಕೂದಲು ಕತ್ತರಿಸಿಕೊಳ್ಳಲು ಬಂದಳು. ಹೆದರಿಕೆಯಿದ್ದರೂ ಸೊಸೆಗೆ ಕೈಗೆ ಕೆಲಸ ಬೇಕೆನ್ನಿಸಿತ್ತು. ಬಾಗಿಲು ತೆರೆದು ನೋಡಿದರೆ ಬರೀ ಮೊಳೆಗಳು. ಗಿರಾಕಿಯನ್ನು ಇನ್ನೊಂದು ದಿನ ಬನ್ನಿ ಎಂದು ಕಳಿಸಿ, ಒಳಗೆ ಬಂದು ಅತ್ತೆಯನ್ನು ಕೇಳಿದಳು. ಸಾಣೆಗೆ ಕೊಟ್ಟಿದ್ದೀನಿ ಎಂದಳು ಡಂಗುರದಮ್ಮ. ಬೀದಿಗೆ ಸಾಣೆಯವನು ಬಂದೇ ಇರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

"ಕತ್ತರಿ ನೋಡಿದ್ರೆ ಭಯ ಆಗುತ್ತೆ ಅಂತ ನಾನು ಹೇಳಿದ್ದು ಒಬ್ಬರಿಗೇ ಅತ್ತೆ, ಅದೂ ನಿನ್ನೆ," ಎಂದಳು ಸೊಸೆ. "ಸ್ನಾನದ ವಿಷಯ ಹೇಳಿದ್ದೂ ಅವರಿಗೇ. ಅವತ್ತಿಂದಲೇ ತಾನೇ ನನಗೆ ಸೊಂಟ ನೋವು ಬಂದಿದ್ದು?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಡಂಗುರದಮ್ಮನಿಗೆ. ಸೊಸೆ ಕೂಗಾಡಲಿಲ್ಲ, ಅಳಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವೆಲ್ಲ ಸೇರಿ ನನ್ನಿಂದ ಅವನನ್ನ ಕಾಯ್ತಿದ್ದೀರಿ ಅಂದ್ರೆ, ನಾನು ಅಂಥವಳೇ ಇರಬೇಕು. ಅವನು ನಿಮ್ಮ ಹತ್ರಾನೇ ಇರ್ಲಿ. ಡಬ್ಬಿ ಹಾಲು ಕುಡಿಸಿ. ನಾನು ಅಕ್ಕನ ಮನೆಗೆ ಹೋಗ್ತೀನಿ."

ಅಷ್ಟು ಹೇಳಿ ಬಟ್ಟೆ ಮಡಚತೊಡಗಿದಳು. ಡಂಗುರದಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡವಳೇ ಅದೇ ಸಾಲಿನಲ್ಲಿದ್ದ ನರ್ಸಮ್ಮನ ಮನೆಗೆ ಓಡಿದಳು. ನರ್ಸಮ್ಮ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರು, ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ಡಂಗುರದಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ನರ್ಸಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಮಗುಗೆ ಕಾವಲಿಟ್ರಿ, ಸರಿ. ಈಗ ಅವಳ ಜೊತೆ ಯಾರಿದ್ದಾರೆ?"

ಇಷ್ಟು ದಿನವೂ ಸೊಸೆಯ ಜೊತೆ ಯಾರೂ ಇರಲಿಲ್ಲ ಎಂಬುದು ಡಂಗುರದಮ್ಮನಿಗೆ ಅಲ್ಲೇ, ನರ್ಸಮ್ಮನ ಹೊಸ್ತಿಲಲ್ಲೇ ಅರ್ಥವಾಯಿತು. ಇಬ್ಬರೂ ದಡಬಡನೆ ಮನೆಗೆ ಬಂದರು. ಸೊಸೆ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಪಾರ್ಲರ್‌ನ ಕುರ್ಚಿಯಲ್ಲಿ ಕೂತಿದ್ದಳು, ಕನ್ನಡಿಗೆ ಬೆನ್ನು ಮಾಡಿ. ನರ್ಸಮ್ಮನನ್ನು ನೋಡಿ ಎಲ್ಲ ತಿಳಿದುಕೊಂಡಳು.

"ನಿನ್ನ ಕೇಳದೆ ಇವರಿಗೂ ಹೇಳಿಬಿಟ್ಟೆ ಕಣಮ್ಮಾ," ಎಂದಳು ಡಂಗುರದಮ್ಮ. ತಪ್ಪಿನ ಮೇಲೆ ತಪ್ಪು. ಆಕೆಗೆ ತಲೆ ಎತ್ತಲಾಗಲಿಲ್ಲ. "ನನ್ನ ಬಾಯಿಗೆ ಬೆಂಕಿ ಬೀಳ. ಹೇಳಬೇಕಾದ ನಿನಗೊಬ್ಬಳಿಗೆ ಬಿಟ್ಟು ಇನ್ನೆಲ್ಲ ಕಡೆ ಹೇಳುತ್ತೆ ಇದು."

ನರ್ಸಮ್ಮ ಕೆಳಗೆ ಕೂತು, ನೀನು ಒಪ್ಪಿದರೆ ಮಾತ್ರ ಕೆಲವು ವಿಷಯ ಕೇಳುತ್ತೇನೆ, ಬೇಡ ಅಂದರೆ ಎದ್ದು ಹೋಗುತ್ತೇನೆ ಎಂದರು. ಸೊಸೆ ಹೂಂ ಎಂದು ತಲೆಯಾಡಿಸಿದಳು. ಆ ಯೋಚನೆ ಬಂದಾಗ ನಿನಗೆ ಹೇಗಾಗುತ್ತದೆ ಎಂದು ನರ್ಸಮ್ಮ ಕೇಳಿದರು.

"ಜೀವ ಹೋದಂಗಾಗುತ್ತೆ. ಇನ್ನೂ ಗಟ್ಟಿಯಾಗಿ ಹಿಡ್ಕೊತೀನಿ, ಅವನಿಗೆ ನೋವಾಗೋಷ್ಟು."

ಕಿವಿಯಲ್ಲಿ ಯಾರಾದರೂ ಮಾತಾಡಿದಂತೆ ಕೇಳಿಸುತ್ತದೆಯೇ, ಸಾಯಬೇಕು ಅನ್ನಿಸುತ್ತದೆಯೇ, ಮಗುವೇ ಕೆಟ್ಟದ್ದು ಅನ್ನಿಸುತ್ತದೆಯೇ ಎಂದೆಲ್ಲ ನರ್ಸಮ್ಮ ಮುಚ್ಚುಮರೆಯಿಲ್ಲದೆ ಕೇಳಿದರು. ಇಲ್ಲ ಎಂದಳು ಸೊಸೆ. ಆಗ ನರ್ಸಮ್ಮ ಬಿಡಿಸಿ ಹೇಳಿದರು. ಬೇಡದ ಯೋಚನೆ ನುಗ್ಗಿ ಬರುವುದು ಬೇರೆ, ಮಾಡಬೇಕೆಂಬ ಮನಸ್ಸು ಬೇರೆ. ಹೊಸದಾಗಿ ಹೆತ್ತ ಎಷ್ಟೋ ತಾಯಂದಿರಿಗೆ ಇಂಥ ಯೋಚನೆ ಬರುತ್ತದೆ, ನಾಚಿಕೆಗೆ ಯಾರೂ ಬಾಯಿ ಬಿಡುವುದಿಲ್ಲ. ಅದು ಬಂದಾಗ ನೀನು ಹೆದರಿ ನಡುಗುವುದು ಕೂಸಿನ ಮೇಲೆ ಪ್ರಾಣ ಇಟ್ಟಿರುವುದರಿಂದಲೇ. ಹಾಗೆಂದು ಸುಮ್ಮನಿರುವುದೂ ಬೇಡ, ಡಾಕ್ಟರಿಗೆ ಇನ್ನೊಮ್ಮೆ ತೋರಿಸೋಣ. ನಾನು ಕೇಳಿದ್ದಕ್ಕೆ ಒಂದಕ್ಕಾದರೂ ಹೌದು ಅಂದಿದ್ದರೆ ಈ ಗಳಿಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ ಎಂದರು.

ಸೊಸೆ ಆಗ ಅತ್ತಳು. ಡಂಗುರದಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ತಾನು ಕಳ್ಳಿಯನ್ನು ಕಾಯುವಂತೆ ಕಾದದ್ದು ಇಂಥವಳನ್ನು. ನಾಚಿಕೆಯಿಂದ ಆಕೆಯ ಕಿವಿಯೆಲ್ಲ ಬಿಸಿಯಾಯಿತು. ಆ ನಾಚಿಕೆಯೇ ಸಿಟ್ಟಾಗಿ ಕೌನ್ಸೆಲಿಂಗ್ ಮೇಲೆ ಹರಿಯಿತು. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದು ಬೇಡ, ಅವರ ಸಹವಾಸವೇ ಸಾಕು ಎಂದಳು.

"ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ?" ಎಂದರು ನರ್ಸಮ್ಮ. "ಮಾತ್ರೆ ಮೈಗೆ ಒಗ್ಗದಿದ್ರೆ ಡಾಕ್ಟರಿಗೆ ಹೋಗಿ ಹೇಳ್ತೀವಲ್ಲ. ಮಾತಿನ ಚಿಕಿತ್ಸೇನೂ ಒಮ್ಮೊಮ್ಮೆ ಒಗ್ಗಲ್ಲ, ಒಮ್ಮೊಮ್ಮೆ ಅವರೇ ತಪ್ಪು ಮಾಡ್ತಾರೆ. ಅದನ್ನೂ ಹೋಗಿ ಹೇಳಬೇಕು."

ಓದಿದವರಿಗೆ ನಾನೇನು ಹೇಳಲಿ ಎಂದು ಸೊಸೆ ಹಿಂಜರಿದಳು. ಆದರೂ ಹೋದಳು. ಜೊತೆಗೆ ಬನ್ನಿ ಎಂದು ಅತ್ತೆಯನ್ನು ಕರೆದವಳು ಅವಳೇ. ಕೂಸು ಅವಳ ತೋಳಲ್ಲೇ ಇತ್ತು. ದಾರಿಯುದ್ದಕ್ಕೂ ಡಂಗುರದಮ್ಮನ ಕೈ ಎರಡು ಸಲ ತಾನಾಗಿಯೇ ಮುಂದೆ ಹೋಯಿತು, ಎರಡು ಸಲವೂ ಹಿಂದಕ್ಕೆಳೆದುಕೊಂಡಳು.

ಕೌನ್ಸೆಲರ್ ಕೋಣೆ ಚಿಕ್ಕದು. ಎದುರುಬದುರು ಕುರ್ಚಿಗಳು, ಕಣ್ಣೊರೆಸಿಕೊಳ್ಳಲು ಕಾಗದದ ಡಬ್ಬಿ, ಕಿರುಗುಟ್ಟುವ ಫ್ಯಾನು. ಸೊಸೆ ತಡವರಿಸುತ್ತಲೇ ಎಲ್ಲವನ್ನೂ ಹೇಳಿದಳು. ಮೇಡಂ ಮೊದಲು ಮಗುವಿನ ಸುರಕ್ಷತೆಗಾಗಿ ಹಾಗೆ ಮಾಡಬೇಕಾಯಿತು ಎಂದರು. ಪುಸ್ತಕದ ಮಾತು, ಒಪ್ಪುವಂಥದ್ದೇ.

"ಸುರಕ್ಷತೆಗೆ ಬೇಕಿದ್ರೆ ನನ್ನ ಎದುರಿಗೇ ಅತ್ತೆಗೆ ಫೋನ್ ಮಾಡಬಹುದಿತ್ತಲ್ಲ ಮೇಡಂ," ಎಂದಳು ಸೊಸೆ. "ನಾನೇ ನಂಬರ್ ಒತ್ತಿ ಕೊಡ್ತಿದ್ದೆ."

ಮೇಡಂ ಮುಖ ಇಳಿದುಹೋಯಿತು. ವಯಸ್ಸಿನಲ್ಲಿ ಸೊಸೆಗಿಂತ ಅಷ್ಟೇನೂ ದೊಡ್ಡವರಲ್ಲ. ಕೊರಳವರೆಗೂ ಕೆಂಪಾದರು. ಆಮೇಲೆ ಅವರಾಡಿದ ಮಾತನ್ನು ಆಡುವುದು ಯಾರಿಗೂ ಸುಲಭವಲ್ಲ.

"ನೀವು ಹೇಳಿದ್ದು ಕೇಳಿ ನನಗೇ ಗಾಬರಿ ಆಯ್ತು. ಇನ್ನೂ ನಾಲ್ಕು ಮಾತು ಕೇಳಿ ತಿಳ್ಕೊಬೇಕಿತ್ತು, ನನ್ನ ಹಿರಿಯರನ್ನ ಕೇಳಬೇಕಿತ್ತು. ಅದು ಬಿಟ್ಟು ಫೋನ್ ಎತ್ತಿದೆ, ನನ್ನ ಗಾಬರೀನ ನಿಮ್ಮ ಮನೆಗೆ ದಾಟಿಸಿಬಿಟ್ಟೆ. ತಪ್ಪು ನನ್ನದು. ನಿಮ್ಮದು ಏನೂ ಇಲ್ಲ."

ಯಾವ ಮಾತು ಈ ಕೋಣೆಯಲ್ಲೇ ಉಳಿಯುತ್ತದೆ, ಜೀವಕ್ಕೆ ಅಪಾಯ ಅನ್ನಿಸಿದರೆ ಯಾವುದನ್ನು ಹೊರಗೆ ಹೇಳಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಬೇಕಿತ್ತು ಎಂದೂ ಅವರು ಒಪ್ಪಿಕೊಂಡರು. ಆದದ್ದನ್ನು ತಮ್ಮ ಮೇಲಿನವರಿಗೆ ತಾವೇ ಹೇಳುವುದಾಗಿಯೂ, ದೂರು ಕೊಡಬೇಕೆನ್ನಿಸಿದರೆ ಎಲ್ಲಿ ಕೊಡಬೇಕೆಂದೂ, ಬೇರೆ ಕೌನ್ಸೆಲರ್ ಬೇಕಿದ್ದರೆ ಗೊತ್ತುಮಾಡಿ ಕೊಡುವುದಾಗಿಯೂ ತಿಳಿಸಿದರು. ಕೊನೆಗೆ ಒದ್ದೆಗಣ್ಣಲ್ಲೇ ಕ್ಷಮೆ ಕೇಳಿದರು.

ಹೋಗ್ಲಿ ಬಿಡಿ ಮೇಡಂ, ಪರವಾಗಿಲ್ಲ ಎಂಬ ಮಾತು ಡಂಗುರದಮ್ಮನ ತುಟಿಯ ತನಕ ಬಂದಿತ್ತು. ಕಣ್ಣೀರು ಕಂಡರೆ ಕರಗುವ ಜೀವ ಅದು. ಅಷ್ಟರಲ್ಲಿ ಸೊಸೆಯ ಮುಖ ಕಂಡಿತು. ಕ್ಷಮಿಸುವುದು ಬಿಡುವುದು ತನ್ನ ಕೈಯಲ್ಲಿಲ್ಲ, ಇವಳ ಕೈಯಲ್ಲಿದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡಳು. ಸೊಸೆ ಪರವಾಗಿಲ್ಲ ಅನ್ನಲಿಲ್ಲ. ಬೇರೆಯವರ ಹತ್ತಿರ ಹೋಗುತ್ತೇನೆ ಎಂದಳು. ನಿಮ್ಮ ಬಗ್ಗೆ ಅವರಿಗೆ ಏನು ತಿಳಿಸಲಿ, ಏನು ಬೇಡ ಎಂದು ಮೇಡಂ ಕೇಳಿದರು. ಈ ಸಲ ಕೇಳಿದರು.

ಆ ಸಂಜೆ ಸೊಸೆ ಗಂಡನನ್ನು ಕೂರಿಸಿಕೊಂಡು ತಾನೇ ಎಲ್ಲ ಹೇಳಿದಳು. ಅವನು ತಲೆ ತಗ್ಗಿಸಿ, ಊರಿನ ಫ್ರಿಜ್‌ಗಳ ತೊಂದರೆಯೆಲ್ಲ ನನಗೆ ಕಾಣುತ್ತಿತ್ತು, ನೀನೊಬ್ಬಳು ಕಾಣಲಿಲ್ಲ ಎಂದ. ಡಾಕ್ಟರು ಇನ್ನೊಮ್ಮೆ ನೋಡಿದರು. ಹೊಸ ಕೌನ್ಸೆಲರ್ ವಯಸ್ಸಾದವರು. ಇಲ್ಲಿಗೆ ಬಂದಮೇಲೆ ಹಗುರಾಗುತ್ತಿದೆಯೋ ಭಾರವಾಗುತ್ತಿದೆಯೋ ಎಂದು ಪ್ರತಿ ಸಲವೂ ಬಾಯಿಬಿಟ್ಟು ಕೇಳುವವರು. ಭಾರವಾಯಿತು ಎಂದರೆ ಮುಖ ಸಿಂಡರಿಸದವರು.

ಹೀಗಿರಲು ಒಂದು ಬೆಳಿಗ್ಗೆ ಡಂಗುರದಮ್ಮ ನೀರು ಕಾಯಿಸಿ, ಹದ ನೋಡಿ, ಕೂಸನ್ನು ಸೊಸೆಯ ಮಡಿಲಿಗೆ ಇಟ್ಟಳು. ನೀನೇ ಮಾಡಿಸು, ನಾನು ಹೊರಗೆ ಇರ್ತೀನಿ, ಇಣುಕಿ ಕೂಡ ನೋಡಲ್ಲ ಎಂದು ಹೊರಟಳು. ಸೊಸೆ ಸೆರಗು ಹಿಡಿದು ನಿಲ್ಲಿಸಿದಳು.

"ಇಲ್ಲೇ ಇರಿ ಅತ್ತೆ. ಇನ್ನೂ ಪೂರ್ತಿ ಧೈರ್ಯ ಬಂದಿಲ್ಲ. ಕಾಯೋಕೆ ಅಲ್ಲ. ನಾನು ಕರೆದೆ ಅಂತ ಇರಿ."

ಡಂಗುರದಮ್ಮ ಕೂತಳು. ಕೂಸು ಕಾಲು ಬಡಿದು ಇಬ್ಬರ ಮೈಗೂ ನೀರು ಚಿಮ್ಮಿಸಿತು. ಈ ಕಥೆಯನ್ನು ಬೇರೆಯವರಿಗೆ ಹೇಳಬಹುದೇ ಎಂದು ಮೊದಲು ಸೊಸೆಯನ್ನು ಕೇಳಿ, ಅವಳು ಹೂಂ ಅಂದ ಮೇಲೆಯೇ ಆಕೆ ನನ್ನ ಮುಂದೆ ಬಾಯಿ ಬಿಟ್ಟದ್ದು.

ಈಗ ನಿಮಗೆ ಒಂದು ಮಾತು. ಕೌನ್ಸೆಲಿಂಗ್‌ಗೆ ಹೋಗುವವರು ನೀವಾದರೆ, ನಾನು ಹೇಳಿದ್ದು ಎಲ್ಲಿಯವರೆಗೆ ಹೋಗುತ್ತದೆ ಎಂದು ಮೊದಲ ದಿನವೇ ಕೇಳಿ. ಮನಸ್ಸು ಇನ್ನೂ ಕುಗ್ಗುತ್ತಿದ್ದರೆ ನನ್ನದೇ ತಪ್ಪು ಎಂದು ಮುದುಡಬೇಡಿ. ಅವರಿಗೇ ಹೇಳಿ, ಬೇಕಿದ್ದರೆ ಬೇರೆಯವರನ್ನು ಹುಡುಕಿ, ಆದರೆ ಚಿಕಿತ್ಸೆ ಬಿಡಬೇಡಿ. ಮನೆಯವರಾದರೆ, ಕಾವಲಿಗೆ ಕೂರುವ ಮೊದಲು ಜೊತೆಗೆ ಕೂರಿ. ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ, ಕಿವಿಯಲ್ಲಿ ದನಿ ಕೇಳಿಸಿದರೆ, ಕೂಸೇ ಕೆಟ್ಟದ್ದು ಅಂದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಅವರಿಗೆ ಹೇಳಿಯೇ ಕರೆದೊಯ್ಯಿರಿ. ಇನ್ನು ಈ ಕಥೆ ಬರೆದ ಕಾಗದ ಯಾರಾದರೂ ಕೌನ್ಸೆಲರ್ ಕೈಗೆ ಸಿಕ್ಕಿದರೆ, ನೀವೂ ಮನುಷ್ಯರೇ, ತಪ್ಪುತ್ತೀರಿ. ತಪ್ಪಿದ ದಿನ ಎದುರಿಗೆ ಕೂತವರ ಮುಖ ನೋಡಿ ಒಪ್ಪಿಕೊಳ್ಳಿ. ಈ ಕಥೆಯಲ್ಲಿ ನಾಚಿಕೊಳ್ಳಬೇಕಾದವರು ಎಷ್ಟೋ ಜನ ಇದ್ದರು. ಎಲ್ಲರ ಪಾಲಿನ ನಾಚಿಕೆಯನ್ನೂ ಅಷ್ಟು ದಿನ ಹೊತ್ತವಳು, ತಪ್ಪೇ ಮಾಡದ ಅವಳೊಬ್ಬಳು.