ಎಡಗಡೆಯ ಸೀಟು

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಕಾರಿನ ಬಾಗಿಲನ್ನು ಹಾಗೆ ಬಡಿಯಬಾರದು, ಅಂಗೈಯಿಂದ ಮೆಲ್ಲಗೆ ಒತ್ತಿದರೆ ತಾನಾಗಿಯೇ ಕೂರುತ್ತದೆ ಎಂಬ ಮಾತು ಕಿರಣ್‌ಕುಮಾರನ ಗಂಟಲವರೆಗೆ ಬಂತು. ಉಗುಳಿನ ಜೊತೆ ನುಂಗಿಕೊಂಡ.

"ಏನು?" ಎಂದಳು ದೇವಿಕಾ.

"ಏನಿಲ್ಲ."

"ಏನೋ ಅಂದಂಗಾಯ್ತು."

"ಇಲ್ಲಪ್ಪ."

ಒಪ್ಪಂದ ಬೆಳಿಗ್ಗೆ ಅಡುಗೆಮನೆಯಲ್ಲಿ ಆಗಿತ್ತು. ಹೊಸದುರ್ಗದಲ್ಲಿ ಅವಳ ತಂಗಿಯ ಮಗುವಿಗೆ ನಾಮಕರಣ. ಬಸ್ಸಿಗೆ ಹೋಗುತ್ತೇನೆ ಎಂದು ದೇವಿಕಾ ಹಟ ಹಿಡಿದಿದ್ದಳು. ಮನೆ ಮುಂದೆ ಕಾರು ನಿಂತಿರುವಾಗ ಹೆಂಡತಿ ಬಸ್ಸಲ್ಲಿ ಬಂದಿಳಿದರೆ ನೆಂಟರು ಏನಂದಾರು ಎಂದು ಇವನು ಅಂಗಲಾಚಿದ. ಕೊನೆಗೆ ಅವಳು ಒಗ್ಗರಣೆ ಸೌಟು ತೋರಿಸಿ ಹೇಳಿದಳು: "ಕಾರಿನ ಬಗ್ಗೆ, ರಸ್ತೆ ಬಗ್ಗೆ, ಓಡಿಸೋರ ಬಗ್ಗೆ ಒಂದೇ ಒಂದು ಮಾತಾಡಿದ್ರೂ ಅಲ್ಲೇ ಇಳಿದುಬಿಡ್ತೀನಿ. ಆಮೇಲೆ ಈ ಜನ್ಮದಲ್ಲಿ ಆ ಸೀಟಲ್ಲಿ ಕೂರಲ್ಲ."

ಅವಳು ಇಳಿಯುವವಳೇ. ಹೋದ ಸಲ ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸುವ ಮೂರ್ಖರ ಬಗ್ಗೆ ಚಿತ್ರದುರ್ಗಕ್ಕೆ ವಾಪಸು ಬರುವಾಗ ವಿವರಿಸುತ್ತಿದ್ದ. ಹಿರಿಯೂರಲ್ಲಿ ಇಳಿದು ಸರ್ಕಾರಿ ಬಸ್ಸು ಹತ್ತಿದ್ದಳು. ಅವನಿಗಿಂತ ಮೊದಲೇ ಮನೆ ಸೇರಿ ಊಟ ಮಾಡಿ ಮಲಗಿದ್ದಳು. ಅವನು ಪೆಟ್ರೋಲು ಉಳಿಯುವ ವೇಗದಲ್ಲಿ ಬಂದಿದ್ದ.

ಕಿರಣ್‌ಕುಮಾರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ. ಆದರೆ ಅವನ ನಿಜವಾದ ವಿದ್ಯೆ ಕಾರು. ಸ್ಟಾಫ್ ರೂಮಿನಲ್ಲಿ ಯಾರೇ ಕಾರು ಕೊಳ್ಳಲಿ, ಮೊದಲು ಅವನ ಅಭಿಪ್ರಾಯ ಕೇಳುತ್ತಿದ್ದರು. ಕೇಳಿ, ಬೇರೆಯದನ್ನು ಕೊಳ್ಳುತ್ತಿದ್ದರು. ಅದಕ್ಕೆಲ್ಲ ಅವನು ಬೇಜಾರು ಮಾಡಿಕೊಂಡವನಲ್ಲ. ಅವನಿಗೆ ಬೇಕಾಗಿದ್ದುದು ಇಷ್ಟೇ: ದೇವಿಕಾ ಒಂದು ಸಲ ಕೊನೆಯವರೆಗೂ ಪಕ್ಕದಲ್ಲಿ ಕೂತು ಬರಬೇಕು. ಇಳಿಯುವಾಗ 'ಕಾರು ಚೆನ್ನಾಗೈತೆ ಕಣ್ರಿ' ಅನ್ನಬೇಕು. ಹೊಸದುರ್ಗದವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಆಯಿತಲ್ಲ, ಏನು ಮಹಾ.

ಊರು ದಾಟುವಷ್ಟರಲ್ಲೇ ಅದು ಎಂಥ ಮಹಾ ಎಂದು ಗೊತ್ತಾಯಿತು. ಮುಂದಿನ ಕಾರಿನವನು ಬಲಕ್ಕೆ ದೀಪ ಮಿಣುಕಿಸುತ್ತ ನೆಟ್ಟಗೆ ಹೋಗುತ್ತಿದ್ದ. ಬೈಕಿನವನೊಬ್ಬ ಕತ್ತು ಓರೆ ಮಾಡಿ ಭುಜಕ್ಕೆ ಫೋನು ಸಿಕ್ಕಿಸಿಕೊಂಡಿದ್ದ. ಹೊಚ್ಚಹೊಸ ಕಾರೊಂದರ ಸೀಟುಗಳಿಗೆ ಇನ್ನೂ ಪ್ಲಾಸ್ಟಿಕ್ ಹಾಗೇ ಇತ್ತು. ದುಡ್ಡು ಕೊಟ್ಟು ಕೊಂಡ ಸೀಟಿನ ಮೇಲೆ ಒಂದು ದಿನವೂ ಕೂರದೆ ಸಾಯುವ ಜನ! ಕಿರಣ್‌ಕುಮಾರ್ ಸ್ಟೇರಿಂಗ್ ಹಿಡಿದ ಕೈ ಬಿಗಿ ಮಾಡಿದ.

"ಬೆವರ್ತಾ ಇದೀರ," ಎಂದಳು ದೇವಿಕಾ.

"ಬಿಸಿಲು."

"ಏಸಿ ಹಾಕ್ರಿ."

ಗಾಜು ಇಳಿಸಿ ಒಳಗಿನ ಬಿಸಿಗಾಳಿ ಹೊರಗೆ ಹೋದಮೇಲೆ ಏಸಿ ಹಾಕಬೇಕು. ಅವನು ತೆಪ್ಪಗೆ ಗುಂಡಿ ಒತ್ತಿದ.

ಹೊಳಲ್ಕೆರೆ ಬಂತು, ಹೋಯಿತು. ಸುಮ್ಮನಿರುವುದು ಸರಿ, ಆದರೆ ಏನಾದರೂ ಮಾತಾಡಬೇಕಲ್ಲ. ಗಂಡ ಹೆಂಡತಿ ಏನು ಮಾತಾಡಿಕೊಳ್ಳುತ್ತಾರೆ? ಅವನು ಹುಡುಕಿದ. ಒಳಗೆಲ್ಲ ಟೈರು, ಗೇರು, ಬ್ರೇಕು. ಅವನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಅವನಿಗೆ ಹೆದರಿಕೆಯಾಯಿತು.

"ನಿನ್ನ ಸ್ಕೂಲಲ್ಲಿ ಏಳನೇ ಕ್ಲಾಸಿನ ಮಕ್ಕಳು ಹೆಂಗಿದಾರೆ?"

ದೇವಿಕಾ ಅವನ ಕಡೆ ತಿರುಗಿದಳು. "ನಾನು ಏಳನೇ ಕ್ಲಾಸಿಗೆ ಪಾಠ ಮಾಡೋದು ಬಿಟ್ಟು ಎಷ್ಟು ವರ್ಷ ಆಯ್ತು. ಈಗ ಚಿಕ್ಕ ಮಕ್ಕಳ ನಲಿ-ಕಲಿ."

"ಓ. ಹೌದಲ್ಲ."

"ಹೂಂ."

ರಾಮಗಿರಿ ಕಳೆದ ಮೇಲೆ ಅವನು ಕಾರನ್ನು ಹಳ್ಳಿಯ ಒಳದಾರಿಗೆ ತಿರುಗಿಸಿದ. ದೊಡ್ಡ ರಸ್ತೆಯಲ್ಲಿ ಹಂಪುಗಳು ಜಾಸ್ತಿ. ಕಾರಣ ಹೇಳುವಂತಿರಲಿಲ್ಲ.

"ಈ ಕಡೆ ಯಾಕೆ?"

"ಹತ್ತಿರ," ಎಂದ. ಹತ್ತಿರವಾಗಿರಲಿಲ್ಲ.

ಊರೊಂದರ ಮುಂದೆ ಕಾರು ನಿಂತಿತು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಕಣ್ಣು ಹಾಯುವಷ್ಟು ದೂರ, ಕಿತ್ತ ಹುರುಳಿ ಗಿಡ ಹರಡಿದ್ದರು. ಬರುವ ಹೋಗುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆಯಲಿ, ಕಾಳು ಉದುರಲಿ ಎಂದು. ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಕವೆಗೋಲು ಹಿಡಿದು ಕೂತಿದ್ದಳು. ಜಗತ್ತಿನ ಎಲ್ಲ ಕೆಟ್ಟ ರಸ್ತೆಗಳಿಗಿಂತ ಕಿರಣ್‌ಕುಮಾರ್ ಹೆಚ್ಚು ದ್ವೇಷಿಸುತ್ತಿದ್ದುದು ಈ ರಸ್ತೆಕಣವನ್ನು.

"ಯಾಕಪ್ಪ ನಿಲ್ಸಿದೆ? ಬಾ, ಮ್ಯಾಲೆ ಹತ್ತಿಸ್ಕಂಡ್ ಬಾ!" ಎಂದು ಮುದುಕಿ ಕೂಗಿದಳು.

ಅವನು ಅಲ್ಲಾಡಲಿಲ್ಲ.

"ಕಾಳಕ್ಕಾ, ಕಾರು ಕೆಟ್ಟೈತೇನೋ ನೋಡೇ," ಎಂದು ಆಚೆಯ ಹೊಲದಿಂದ ಯಾರೋ ಕೂಗಿದರು.

"ಯಾಕೆ ನಿಲ್ಲಿಸಿದ್ರಿ?" ಎಂದಳು ದೇವಿಕಾ.

"ಸುಮ್ನೆ."

"ಸುಮ್ನೆ ಯಾರಾದ್ರೂ ನಿಲ್ಲಿಸ್ತಾರಾ?"

ಹತ್ತಿಸಿದರೆ ಕಾರಿಗೆ ದ್ರೋಹ. ಬಾಯಿ ಬಿಟ್ಟರೆ ಸೀಟು ಖಾಲಿ. ಹಿಂದೆ ಹೋಗೋಣವೆಂದರೆ ಕಾರಣ ಕೇಳುತ್ತಾಳೆ. ಅವನ ಕೆನ್ನೆ ಉಬ್ಬಿತು.

ದೇವಿಕಾಗೆ ನಗು ಬಂತು. "ಹೇಳಿಬಿಡ್ರಿ. ಹೊಟ್ಟೆ ಒಡ್ಕೊಂಡೀರ."

ಅವನು ಹೇಳಿಬಿಟ್ಟ. ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಕೆಂಡವಾಗಿರುತ್ತದೆ, ಒಣಗಿದ ಗಿಡಕ್ಕೆ ಬೆಂಕಿ ಹತ್ತುತ್ತದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಚಿತ್ರದುರ್ಗದಿಂದ ಕಟ್ಟಿಟ್ಟಿದ್ದೆಲ್ಲ ಒಟ್ಟಿಗೆ ಹೊರಬಂತು: ಬಾಗಿಲು ಬಡಿಯುವುದು, ಪ್ಲಾಸ್ಟಿಕ್ ತೆಗೆಯದಿರುವುದು, ಕಣ್ಣಿಗೆ ಹೊಡೆಯುವ ದೀಪ, ತಿಂಗಳುಗಟ್ಟಲೆ ಟೈರಿಗೆ ಗಾಳಿ ನೋಡದಿರುವುದು, ಬಂಪರಿಗೆ ನಿಂಬೆಹಣ್ಣು ಕಟ್ಟಿ ಬ್ರೇಕು ರಿಪೇರಿ ಮಾಡಿಸದಿರುವುದು. ಹೇಳುತ್ತ ಹೇಳುತ್ತ ಅವನ ಮುಖ ಕಳೆಗಟ್ಟಿತು. ಎಷ್ಟು ಹಾಯಾಗಿತ್ತು!

ದೇವಿಕಾ ಪೂರ್ತಿ ಕೇಳಿದಳು. ಉಡುಗೊರೆಯ ಚೀಲ ಎತ್ತಿಕೊಂಡಳು. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು.

"ದೇವಿಕಾ, ಹೇಳಿಬಿಡ್ರಿ ಅಂತ ನೀನೇ ಅಂದೆಯಲ್ಲ."

"ಹೌದು. ಇಳೀತಿರೋದು ನೀವು ಮಾತಾಡಿದ್ದಕ್ಕಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ. "ಹೊಳಲ್ಕೆರೆಯಿಂದ ಸುಮ್ನೆ ಇದ್ರಲ್ಲ, ಆಗ ನಂಗೆ ಭಯ ಆಯ್ತು. ನಿಮ್ಮತ್ರ ಇದು ಬಿಟ್ರೆ ಇನ್ನೇನೂ ಇಲ್ಲ ಕಣ್ರಿ."

ಇಳಿದು, ಈ ಸಲ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಅದು ತಾನಾಗಿಯೇ ಕೂತಿತು.

ಬಸ್ಸು ಅವಳನ್ನು ಹತ್ತಿಸಿಕೊಂಡು ಹುರುಳಿಯ ಮೇಲೆ ಪಟಪಟನೆ ಹಾದುಹೋಯಿತು. ಕಿರಣ್‌ಕುಮಾರ್ ಅದನ್ನೇ ನೋಡುತ್ತಿದ್ದ. ಆಮೇಲೆ ಏನೂ ಯೋಚಿಸದೆ ಗೇರು ಹಾಕಿ ಅದರ ಹಿಂದೆ ಕಾರು ಹತ್ತಿಸಿದ. ಅರ್ಧ ದಾರಿಯಲ್ಲಿ ಕಾಳಕ್ಕ ಕವೆಗೋಲು ಅಡ್ಡ ಹಿಡಿದಳು.

"ಅಂಗ್ ಓಡಿಸಿದ್ರೆ ಕಾಳೆಲ್ಲ ಸಿಡೀತಾವೆ! ಮೆತ್ತಗೆ. ಈ ಕಡೆ ಅಂಚು ಹಂಗೇ ಉಳದೈತೆ ನೋಡು. ಒಂದೀಟು ಹಿಂದಕ್ ತಗಂಡು ಬಾರಪ್ಪ."

"ನಾನು ಹೊಸದುರ್ಗಕ್ಕೆ ಹೋಗಬೇಕಮ್ಮ."

"ಹೋಗೀಯಂತೆ. ಮನೇರು ಬಸ್ಸಿಗ್ ಹೋದ್ರಲ್ಲ, ಇನ್ನೇನ್ ಅವಸರ?"

ಅವನು ಗೇರು ಬದಲಿಸಿ ಕಾರನ್ನು ಹಿಂದಕ್ಕೆ ತೆಗೆದ. ಮುಂದಕ್ಕೆ ಬಂದ. ಮುದುಕಿ ಕೋಲು ತೋರಿಸಿದ ಕಡೆಗೆಲ್ಲ ಹೋದ. ಕಾಯಿ ಒಡೆಯುವ ಸದ್ದು ಕೇಳುತ್ತಿತ್ತು. ಯಾರೋ ಹೇಳಿದಂತೆ ಕೇಳುವುದು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ.

ಕಾಳಕ್ಕ ಕಿಟಕಿಯ ಹತ್ತಿರ ಬಂದು ಬಾನೆಟ್ಟನ್ನು ತಟ್ಟಿದಳು. "ಕಾರು ಚೆನ್ನಾಗೈತೆ ಕಣಪ್ಪ. ಎತ್ತಿಗಿಂತ ಚೆನ್ನಾಗ್ ತುಳೀತೈತೆ."

ಅವನ ಕಣ್ಣಲ್ಲಿ ನೀರು ಬಂತು. ಇಷ್ಟಕ್ಕೆಲ್ಲ ಅಳುವುದೇ ಎಂದು ಅವನಿಗೇ ನಾಚಿಕೆಯಾಯಿತು.

ಅವಳು ಎಡಗಡೆಯ ಬಾಗಿಲು ತೆಗೆದು, ಹಿಂದಿನ ದಿನ ತೂರಿದ ಹುರುಳಿಯ ಚೀಲವೊಂದನ್ನು ಸೀಟಿನ ಮೇಲೆ ದೊಪ್ಪನೆ ಇಟ್ಟಳು. "ಕಟ್ಟು ಸಾರು ಮಾಡಿಸ್ಕ. ಅಲ್ಲಿ ಇನ್ನೊಂದು ಹೊರೆ ಐತೆ, ಹರಡ್ತೀನಿ, ಅದ್ನೂ ತುಳ್ದುಕೊಟ್ ಹೋಗು."

ಕಾರು ಕಿಣಿಕಿಣಿ ಬಡಿದುಕೊಳ್ಳತೊಡಗಿತು. ಎಡಗಡೆ ಯಾರೋ ಬೆಲ್ಟು ಹಾಕದೆ ಕೂತಿದ್ದಾರೆಂದು ಅದಕ್ಕೆ ಅನ್ನಿಸಿತ್ತು. ಕಿರಣ್‌ಕುಮಾರ್ ಮುಂದಿನ ರಸ್ತೆ ನೋಡಿದ. ಖಾಲಿಯಾಗಿತ್ತು. ಹೊಸದುರ್ಗದಲ್ಲಿ ಎಲ್ಲರೂ ಯಾಕೆ ಬೇರೆ ಬೇರೆ ಬಂದಿರಿ ಎಂದು ಕೇಳುತ್ತಾರೆ. ಅವನು ಬಗ್ಗಿ ಬೆಲ್ಟು ಎಳೆದು ಚೀಲದ ಹೊಟ್ಟೆಯ ಮೇಲಿಂದ ಸಿಕ್ಕಿಸಿದ. ಸದ್ದು ನಿಂತಿತು.

ಕಾಳಕ್ಕ ಹೊರೆ ಹರಡಿ ಕೋಲು ಎತ್ತಿದಳು. ಅವನು ಕಾರು ತಿರುಗಿಸಿದ. ಅಡಿಯಿಂದ ಸುಟ್ಟ ಬಳ್ಳಿಯ ವಾಸನೆ ಸಣ್ಣಗೆ ಏಳುತ್ತಿತ್ತು. ಅವನು ಹೇಳಿದ್ದು ನಿಜವಾಗಿತ್ತು.

"ನೋಡು," ಎಂದ ಎಡಗಡೆಗೆ ತಿರುಗಿ, "ಕ್ಲಚ್ಚಿನ ಮೇಲೆ ಯಾವತ್ತೂ ಕಾಲು ಇಟ್ಟುಕೊಂಡಿರಬಾರದು."

ಚೀಲ ಕೂತೇ ಇತ್ತು. ಕಾರು ಹೊಗೆ ಬಿಡುತ್ತ ಹುರುಳಿಯ ಮೇಲೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು.