ಇಲ್ಲದ ಮೀನು

"ಏ ಬೋಸುಡಿ, ಮ್ಯಾಲ ಬಾ. ನಿಮ್ಮಪ್ಪ ಕಟ್ಟಿಸ್ಯಾನೇನ ಈ ಕೆರಿ?"

ಒಡ್ಡಿನ ಮೇಲೆ ನಿಂತು ಬೈಯುತ್ತಿದ್ದವನು ಕೆರೆಯ ಗುತ್ತಿಗೆದಾರ ಅತುಲ. ಸೊಂಟಮಟ್ಟದ ನೀರಿನಲ್ಲಿದ್ದ ಸತ್ಯವ್ವ ತಲೆ ಎತ್ತಲಿಲ್ಲ. ಹಳೆಯ ಸೀರೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಸೊಸೆ ಕರುಣಾಳ ಕೈಯಲ್ಲಿ. ಇಬ್ಬರೂ ತಳಕ್ಕೆ ತಾಗಿಸಿ ಎಳೆದು ಎತ್ತಿದರು. ಜೊಂಡು, ಒಂದು ಗುಟ್ಕಾ ಚೀಟಿ, ಹಿಡಿಯಷ್ಟು ಕೋಳಿ ಪುಕ್ಕ. ಮುಂಜಾನೆಯಿಂದ ಹೀಗೇ.

ಗಬ್ಬೂರ ಬೈಪಾಸಿನ ಪಕ್ಕದ ಈ ಕೆರೆಯಲ್ಲಿ ಬಲೆ ಹಾಕುವ ಹಕ್ಕು ಗುತ್ತಿಗೆ ಹಿಡಿದವನದು. ಆದರೆ ದಂಡೆಗುಂಟ ಸೀರೆಗೆ ಸಿಕ್ಕಿದ್ದು ಹೆಂಗಸರದು. ಇದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ. ಸತ್ಯವ್ವನ ಅತ್ತೆಯ ಅತ್ತೆಯೂ ಹೀಗೇ ಸೀರೆ ಎಳೆದು, ಸೀಗಡಿ, ಬೆರಳುದ್ದದ ಮೀನು ಒಣಗಿಸಿ ಮಾರಿ ಮಕ್ಕಳನ್ನು ಸಾಕಿದವಳು. ಈಗ ತಾರಿಹಾಳದ ಕೂಲಿಕಾರರ ಓಣಿಗಳಲ್ಲಿ ಸತ್ಯವ್ವನ ಬುಟ್ಟಿ ಕಾಣದೆ ಎಂಟು ತಿಂಗಳಾಯಿತು.

"ನೀವ ತಂದ ಹಾಟ್ಯಾನ ಮೀನ ಎಲ್ಲಾ ನುಂಗಿ ಕುಂತಾವ," ಎಂದು ಬೈದಳು ಸತ್ಯವ್ವ.

"ಬಿಟ್ಟಾಕಿ ಯಾರು? ನೆನಪ ಮಾಡ್ಕೊ," ಎಂದು ಅತುಲ ನಕ್ಕ.

ಆ ಮಾತು ಅವಳಿಗೆ ನಾಟಿತು. ಎರಡು ವರ್ಷದ ಹಿಂದೆ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನಿನ ಮರಿ ಬಂದಾಗ ಇದೇ ಅತುಲ ಮನೆಗೆ ಬಂದು ಕರೆದಿದ್ದ. "ನಿಮ್ಮ ಕೈಗುಣ ಛಲೋ ಐತಿ ಸತ್ಯವ್ವಾರ, ನೀವ ಬಿಡ್ರಿ." ಆಗ ಅವನ ಬಾಯಲ್ಲಿ ಸಕ್ಕರೆ. ಹೊಸ ಮರಿ ಬಿಡುವ ದಿನ ಕೆರೆಗೆ ಉಡಿ ತುಂಬುವುದು ಅವರ ಪದ್ಧತಿ. ಹಸಿರು ಖಣ, ಅಕ್ಕಿ, ಅರಿಸಿನಬೇರು, ಕಾಯಿ ನೀರಿಗೆ ಬಿಟ್ಟು, ಮೀಸೆ ಹೊತ್ತ ಆ ಕರಿ ಮರಿಗಳನ್ನು ಬೊಗಸೆಯಲ್ಲಿ ಎತ್ತಿ ಎತ್ತಿ ತಾನೇ ಬಿಟ್ಟಳು. ಗಂಡ ಹುಲಗಪ್ಪ ಚೀಲದೊಳಗೆ ಇಣುಕಿ, "ಇವು ನಮ್ಮ ಕಡಿ ಮೀನಲ್ಲ, ಬ್ಯಾಡ," ಅಂದಿದ್ದ. "ಕೂಸಿನ ಬಣ್ಣಾ ನೋಡಿ ತೊಟ್ಲಾಗ ಹಾಕ್ತಾರೇನ?" ಎಂದು ಅವನ ಬಾಯಿ ಮುಚ್ಚಿಸಿದವಳೂ ಅವಳೇ. ಹಾವಿಗೆ ಹಾಲೆರೆದಿದ್ದಳು. ಅದು ಆಫ್ರಿಕಾದ ಮೀನು, ಸಾಕುವುದಕ್ಕೇ ಸರಕಾರದ ನಿಷೇಧವಿದೆ ಎಂದು ಕರುಣಾ ಫೋನಿನಲ್ಲಿ ಓದಿ ಹೇಳುವಷ್ಟರಲ್ಲಿ ಸೀಗಡಿ, ಸಣ್ಣ ಮೀನು, ಕಪ್ಪೆಮರಿ ಎಲ್ಲ ಅವುಗಳ ಹೊಟ್ಟೆ ಸೇರಿದ್ದವು. ದಿನಾ ಒಂದು ಟೆಂಪೊ ಕೋಳಿ ಕರುಳು ತಂದು ಸುರಿದರೂ ಅವಕ್ಕೆ ಸಾಲುತ್ತಿರಲಿಲ್ಲ.

ಹೆಂಗಸರೆಲ್ಲ ಸೇರಿ ಕೊಟ್ಟ ಅರ್ಜಿ ನಾಲ್ಕು ತಿಂಗಳು ಅಲೆದು, ಅವತ್ತೇ ಮಧ್ಯಾಹ್ನ ಮೀನುಗಾರಿಕೆ ಇಲಾಖೆಯ ಸಾಹೇಬ ಗುರುಸಿದ್ದಯ್ಯನನ್ನು ಜೀಪಿನಲ್ಲಿ ಕರೆತಂದಿತು. ಅತುಲ ಬೇವಿನ ನೆರಳಿಗೆ ಕುರ್ಚಿ ಹಾಕಿಸಿದ. ಸಾಹೇಬ ಎಳನೀರು ಕುಡಿದು, ಕೆರೆಯ ಕಡೆ ಕಣ್ಣೂ ಹಾಯಿಸದೆ ವರದಿ ಬರೆದ. ಹನ್ನೆರಡು ಹೆಂಗಸರು ಬಿಸಿಲಲ್ಲಿ ನಿಂತಿದ್ದರು.

"ಅಲ್ಲೇ ನಿಂದರ್ರಿ, ನಾರತೀರಿ," ಎಂದು ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದ. ಕಾಗದವನ್ನು ಕೈಗೆ ಕೊಡಲಿಲ್ಲ. ನೆಲಕ್ಕಿಟ್ಟು ಮೇಲೊಂದು ಕಲ್ಲಿಟ್ಟ. "ಅರ್ಜಿ ಕೊಟ್ಟ ಸತ್ಯವ್ವ ಯಾರು? ಹೆಬ್ಬಟ್ಟ ಒತ್ತು."

ಕರುಣಾ ಬಗ್ಗಿ ಓದಿದಳು. "ಅತ್ತಿ, ನಿಷೇಧ ಮಾಡಿದ ಮೀನ ಈ ಕೆರ್ಯಾಗ ಇಲ್ಲಂತ ಬರದಾರ."

"ಇಲ್ಲೇನ್ರಿ ಸಾಹೇಬ್ರ?"

"ಅದು ಬಂದ್ ಆದ ಮೀನ. ಬಂದ್ ಆದದ್ದು ಕೆರ್ಯಾಗ ಹೆಂಗ ಇರ್ತೈತಿ?"

"ಒತ್ತು," ಅಂದ ಅತುಲ. "ಒತ್ತಿದ್ರ ಮೀನ ಕೊಯ್ಯೂ ಕೆಲಸ ಕೊಡ್ತೇನಿ. ಇಲ್ಲಂದ್ರ ದಂಡಿಗೆ ಕಾಲಿಟ್ಟಾಕಿ ಕಾಲ ಮುರಿತೇನಿ."

ಸತ್ಯವ್ವನಿಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲೆ, ತನ್ನ ಮೇಲೆ, ಆ ಎಳನೀರಿನ ಮೇಲೂ. ಕೆರೆಗೆ ಇಳಿದಳು. ಕೋಳಿ ಕರುಳು ಸುರಿಯುವ ಮೂಲೆಯಲ್ಲಿ ನೀರು ಎಸರಿನಂತೆ ಕುದಿಯುತ್ತಿತ್ತು. ಅಲ್ಲಿ ಸೀರೆ ಹಾಸಿದಳು. ಕರುಣಾ ಓಡಿಬಂದು ಇನ್ನೊಂದು ತುದಿ ಹಿಡಿದಳು. ತೋಳುದ್ದದ ಕರಿ ಮೀನು ಸೀರೆ ಹರಿಯುತ್ತಲೇ ಮೇಲೆ ಬಂತು. ಸತ್ಯವ್ವ ಅದನ್ನು ಎದೆಗವಚಿ ಒಡ್ಡು ಹತ್ತಿ, ಸಾಹೇಬನ ತೊಡೆಯ ಮೇಲೆ ಹಾಕಿದಳು.

ಗುರುಸಿದ್ದಯ್ಯ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

"ಇಲ್ಲದ ಮೀನಿಗೆ ಯಾಕ ಅಂಜತೀರಿ ಸಾಹೇಬ್ರ? ಕುಂದರ್ರಿ."

ಅತುಲ ಅವಳ ರಟ್ಟೆ ಹಿಡಿದು ದಬ್ಬಿದ. ಮೊಣಕೈ ತರಚಿ ರಕ್ತ ಬಂತು. ಅವಳು ಎದ್ದು ಮತ್ತೆ ನೀರಿಗೇ ನಡೆದಳು. ಉಳಿದ ಹೆಂಗಸರು ಮುಖ ಮುಖ ನೋಡಿಕೊಂಡರು. ಮೊದಲು ಒಬ್ಬಳು ಸೆರಗು ಸಿಕ್ಕಿಸಿ ಇಳಿದಳು, ಆಮೇಲೆ ಎಲ್ಲರೂ. ಅತುಲ ಒಬ್ಬಳನ್ನು ತಡೆದರೆ ಇಬ್ಬರು ಇಳಿದರು. ಸಾಹೇಬ ಜೀಪು ಹತ್ತಿ ಗಾಜು ಏರಿಸಿಕೊಳ್ಳುವಷ್ಟರಲ್ಲಿ ಗಾಲಿಯ ಮುಂದೆ ಎಂಟು ಹತ್ತು ಮೀನು ಬಿದ್ದಿದ್ದವು. ಒಂದೂ ಸತ್ತಿರಲಿಲ್ಲ. ಮೀಸೆ ಅಲ್ಲಾಡಿಸುತ್ತ ಒಂದರ ಮೇಲೊಂದು ಹರಿದಾಡುತ್ತಿದ್ದವು. ಅವುಗಳ ಆಚೆ ದಾರಿಗಡ್ಡವಾಗಿ ಹೆಂಗಸರು ನಿಂತರು. ಡ್ರೈವರ್ ಹಾರ್ನ್ ಒತ್ತಿದ, ಮತ್ತೆ ಒತ್ತಿದ.

ಗಾಜು ನಾಲ್ಕು ಬೆರಳು ಇಳಿಯಿತು. "ಏಯ್, ತಗೀರಿ ಅವನ್ನ."

ಕರುಣಾ ವಿಡಿಯೊ ಹಚ್ಚಿ ಫೋನು ಎತ್ತಿ ಹಿಡಿದಳು. ಸತ್ಯವ್ವ ಜೀಪಿನ ಮೂತಿಯ ಮೇಲೆ ಕೈ ಊರಿದಳು.

"ಏನ ತಗೀಬೇಕ್ರಿ ಸಾಹೇಬ್ರ? ಹೆಸರ ಹೇಳ್ರಿ. ಹೆಸರ ಹೇಳಿದ್ರ ತಗೀತೇವಿ."

ಗಾಜು ಮತ್ತೆ ಏರಿತು. ಇಬ್ಬರು ಹೆಂಗಸರು ಸೀರೆ ಹಿಡಿದು ಮತ್ತೆ ನೀರಿಗೆ ಇಳಿದರು.